ಹಡಗಿನಜ್ಜನ ಎಲೆ

“ಅದು ಒಳಗಲ್ಲ ಭವಿತಾ! ಹೊರಗೆ, ಹೊರಗೆ!”

ಅತ್ತೆ ಸೇವಂತಿಯ ಕೂಗಿಗೆ ಭವಿತಾಳ ಕೈಯ ಬಾಳೆ ಎಲೆ ಅಲ್ಲೇ ನಿಂತಿತು. ವರ್ಷಕ್ಕೊಮ್ಮೆ ಸತ್ತ ಹಿರಿಯರಿಗೆ ಬಡಿಸುವ ದಿನ ಅದು; ಚಾವಡಿಯಲ್ಲಿ ಅವರ ಎಲೆಗಳನ್ನು ಸಾಲಾಗಿ ಹಾಸಿ ಆಗಿತ್ತು. ಸಾಲಿನ ಕೊನೆಗೆ ಇನ್ನೊಂದನ್ನು ಹಾಸಲು ಅವಳು ಬಗ್ಗಿದ್ದಳು.

“ಹೊರಗೆ ಅಂದ್ರೆ ಎಲ್ಲಿ ಅತ್ತೆ?”

“ಮೆಟ್ಟಿಲಿನ ಕೆಳಗೆ, ಅಂಗಳದಲ್ಲಿ. ಪ್ರತಿ ವರ್ಷ ಉದಯನೇ ಹಾಕುದಲ್ವಾ. ನಿನಗೆ ಹೇಳ್ಲಿಕ್ಕೆ ಮರ್ತೇ ಹೋಯ್ತು.”

ಸೇವಂತಿಯ ಒಬ್ಬನೇ ಮಗ, ಭವಿತಾಳ ಗಂಡ ಉದಯ ಮಳೆಗಾಲದಿಂದ ಮಂಗಳೂರಿನ ಜೈಲಿನಲ್ಲಿದ್ದ. ಕಡಬದ ಸಂಪ್ರೀತನನ್ನು ಕಡಿದು ಕುಮಾರಧಾರೆ ಹೊಳೆಗೆ ಎಸೆದ ಎಂಬುದು ಆರೋಪ. ಹೆಣ ಮಾತ್ರ ಸಿಕ್ಕಿರಲಿಲ್ಲ.

ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಪರಮೇಶ್ವರಿ ಕಾಫಿ ಲೋಟ ಕೆಳಗಿಟ್ಟಳು. ಒಳಗಿನಿಂದ ಬಂಗುಡೆ ಹುರಿಯುವ ವಾಸನೆ ಬರುತ್ತಿತ್ತು. ಮೀನು ತಿನ್ನದ ಅವಳು ಅಂಗಳದಲ್ಲೇ ಕೂರಲು ಅದೇ ಕಾರಣ.

ಪರಮೇಶ್ವರಿ ಪುತ್ತೂರಿನವಳು. ಮದುವೆಗೆ ಮುಂಚೆ ಹುಡುಗನ ವಿಷಯ ವಿಚಾರಿಸಿ ಹೇಳುವುದು ಅವಳ ಕಸುಬು. ಗಂಡುಮಕ್ಕಳನ್ನು ಹೆತ್ತವರು ಅವಳನ್ನು ಕಂಡರೆ ಕಾಫಿಗೆ ಹಾಲು ಜಾಸ್ತಿ ಹಾಕುತ್ತಾರೆ. ಅವಳು ಹುಡುಗನನ್ನು ನೋಡುವುದೇ ಇಲ್ಲ. ಬಟ್ಟೆ ಒಣಗಿಸುವ ಹಗ್ಗ ನೋಡುತ್ತಾಳೆ, ಯಾರ ಚಪ್ಪಲಿ ಎಲ್ಲಿ ಬಿದ್ದಿದೆ ಎಂದು ನೋಡುತ್ತಾಳೆ, ಎದ್ದು ಬರುತ್ತಾಳೆ. ಭವಿತಾಳಿಗೆ ಉದಯನನ್ನು ಪಾಸು ಮಾಡಿ ಕೊಟ್ಟವಳೂ ಅವಳೇ; ಅದಕ್ಕೇ ಅವನ ಕೇಸನ್ನೂ ಈಗ ವಿಚಾರಿಸುತ್ತಿದ್ದಳು. “ಸಿಟ್ಟು ಸ್ವಲ್ಪ ಉಂಟು, ಕಡಿಯುವ ಜಾತಿಯವ ಅಲ್ಲ” ಎಂದಿದ್ದಳು. ಈಗ ಎರಡು ಸಲ ಜಾಮೀನು ಅರ್ಜಿ ಬಿದ್ದುಹೋದ ಮೇಲೆ, ಆ ಅಭಿಪ್ರಾಯ ಇದ್ದದ್ದು ಮೂವರು ಹೆಂಗಸರಿಗೆ ಮಾತ್ರ. ಅವರಲ್ಲಿ ಒಬ್ಬಳು ತಾಯಿ, ಒಬ್ಬಳು ಹೆಂಡತಿ. ನ್ಯಾಯಾಲಯ ಅಂಥವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

“ಅದು ಯಾರ ಎಲೆ ಸೇವಂತಿಯಕ್ಕ?”

“ಹಡಗಿನಜ್ಜನದ್ದು.”

ಹಡಗಿನಜ್ಜ ಯಾರೆಂದು ಈ ಗುತ್ತಿಗಾರು ಊರಿನಲ್ಲಿ ಈಗ ಮಕ್ಕಳಿಗೂ ಗೊತ್ತು. ಸಾವಿರದ ಎಂಟುನೂರ ಮೂವತ್ತೇಳರ ದಂಗೆಯಲ್ಲಿ ಕಂಪೆನಿಯವರು ಹಿಡಿದು, ಕಾಲಿಗೆ ಸಂಕೋಲೆ ಹಾಕಿ, ಹಡಗಿನಲ್ಲಿ ಕಡಲಾಚೆ ಸಾಗಿಸಿದ ಈ ಮನೆಯ ಹಿರಿಯ. ಹಡಗಿನಲ್ಲೇ ಸತ್ತ ವೀರ ಎಂದು ಅವನಿಗೊಂದು ಪ್ರತಿಮೆ ಸಿದ್ಧವಾಗುತ್ತಿತ್ತು. ಅಜ್ಜನ ಮುಖ ಯಾರೂ ನೋಡಿರಲಿಲ್ಲವಾದ್ದರಿಂದ ಶಿಲ್ಪಿಗೆ ಪ್ರತಿಮೆ ಸಮಿತಿಯ ಅಧ್ಯಕ್ಷ ಬೆಳ್ಯಪ್ಪನ ಫೋಟೋ ಕೊಟ್ಟಿದ್ದರು.

“ಇವರೆಲ್ಲ ಒಳಗೆ ಉಣ್ಣುವಾಗ ಅಜ್ಜ ಮಾತ್ರ ಯಾಕೆ ಹೊರಗೆ?”

“ಅವನಿಗೆ ಬೊಜ್ಜ ಆಗಿದೆಯಲ್ಲ. ಒಳಗೆ ಬರ್ಲಿಕ್ಕಿಲ್ಲ.”

“ಬೊಜ್ಜ ಎಲ್ಲರಿಗೂ ಆಗಿದೆ ಮಾರಾಯ್ರೆ. ಸತ್ತ ಮೇಲೆ ಉತ್ತರಕ್ರಿಯೆ ಆಗದೆ ಇವರೆಲ್ಲ ಒಳಗೆ ಸಾಲಾಗಿ ಕೂತದ್ದಾ?”

ಸೇವಂತಿ ಸೌಟು ಹಿಡಿದುಕೊಂಡೇ ಹೊಸ್ತಿಲಿಗೆ ಬಂದಳು. ಸೊಸೆಯನ್ನು ನೋಡಿದಳು, ಅಂಗಳದ ಮೂಲೆಯ ಬಾವಿಯನ್ನು ನೋಡಿದಳು.

“ಇವರಿಗೆ ಸತ್ತ ಮೇಲೆ ಬೊಜ್ಜ ಆದದ್ದು. ಅವನಿಗೆ ಸಾಯುವ ಮೊದಲೇ ಆದದ್ದು.”

ಅವಳು ಹೇಳಿದ್ದು ಇಷ್ಟು. ಹಡಗು ಹೋದ ಮೇಲೆ ಅಜ್ಜನ ಸುದ್ದಿಯೇ ಇರಲಿಲ್ಲ. ಮನೆಯವರು ಕಾದರು, ಬೇಸತ್ತರು. ಹೆಣವಿಲ್ಲದ್ದಕ್ಕೆ ಹುಲ್ಲಿನ ಮನುಷ್ಯನನ್ನು ಮಾಡಿ ಸುಟ್ಟು, ಬೊಜ್ಜದ ಊಟ ಹಾಕಿದರು. ಎಷ್ಟೋ ವರ್ಷದ ಮೇಲೆ ಒಂದು ಮಧ್ಯಾಹ್ನ ಒಬ್ಬ ಮುದುಕ ಬಂದು ಅಂಗಳದಲ್ಲಿ ನಿಂತ. ಹೆಗಲಲ್ಲಿ ಹಡಗಿನ ಒಂದು ಮರದ ರಾಟೆ. ನಾನೇ ಅಂದ.

“ಮತ್ತೆ?”

“ಮತ್ತೆ ಎಂತ? ಬೊಜ್ಜ ಆದವ ಹೊಸ್ತಿಲು ದಾಟಿದ್ರೆ ಅವನ ಬದಲಿಗೆ ಇನ್ನೊಬ್ಬ ಸತ್ತು ಹೋಗ್ಬೇಕು. ಮನೆಯಲ್ಲಿ ಸಣ್ಣ ಮಕ್ಕಳಿದ್ರು. ಅವನ ಹೆಂಡತಿಯೇ ಬಾಗಿಲಿಗೆ ಅಡ್ಡ ನಿಂತದ್ದಂತೆ. ಊಟ ಅಂಗಳದಲ್ಲಿ ಹಾಕಿದ್ರು. ಹಟ್ಟಿಯ ಹತ್ತಿರ ಮಲಗ್ತಿದ್ದ. ಸಾಯುವವರೆಗೆ ಹಾಗೇ ಇದ್ದ.”

“ನಿಜವಾಗಿ ಸತ್ತ ಮೇಲೆ?”

“ಒಬ್ಬನಿಗೆ ಎಷ್ಟು ಬೊಜ್ಜ ಮಾಡುದು? ಮಾಡ್ಲಿಲ್ಲ. ಹಾಗಾಗಿ ನಮ್ಮ ಲೆಕ್ಕದಲ್ಲಿ ಅವ ಇನ್ನೂ ಸತ್ತವರ ಸಾಲಿಗೆ ಸೇರ್ಲಿಲ್ಲ. ಒಳಗಿನ ಎಲೆ ಸತ್ತವರಿಗೆ. ಜೀವ ಇದ್ದವನಿಗೆ ಒಳಗೆ ಎಲೆ ಹಾಕಿದ್ರೆ ಅವನ ಆಯುಷ್ಯ ಅಲ್ಲಿಗೇ ಮುಗೀತದೆ.”

ಪರಮೇಶ್ವರಿ ಬಾವಿಯ ಕಡೆ ನೋಡಿದಳು. ಪಂಪು ಬಂದ ಮೇಲೆ ಕೆಲಸವಿಲ್ಲದ ರಾಟೆ ಕಂಬದಲ್ಲಿ ನೇತಾಡುತ್ತಿತ್ತು. ಕಬ್ಬಿಣದಷ್ಟು ಗಟ್ಟಿಯಾದ ಕಪ್ಪು ಮರ. ಸಮಿತಿಗೆ ಅಜ್ಜನ ಚರಿತ್ರೆ ಹುಡುಕುತ್ತಿದ್ದ ಸಂಪ್ರೀತ ಈ ಮನೆಗೆ ಬಂದು ನೀರು ಕೇಳಿ, ನೀರು ಕುಡಿಯುವುದನ್ನು ಬಿಟ್ಟು ನೋಡುತ್ತಾ ನಿಂತದ್ದು ಇದನ್ನೇ. ಕಡಲಲ್ಲಿ ಸತ್ತವನು ಗುತ್ತಿಗಾರಿನ ಬಾವಿಗೆ ರಾಟೆ ತರುವುದಿಲ್ಲ ಎಂದು ಅವನಿಗೆ ಹೊಳೆದಿತ್ತು. ಹೊಳೆದದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಪ್ರತಿಮೆ ಸಮಿತಿಯ ಸಭೆಯಲ್ಲಿ ಮೈಕು ಹಿಡಿದು ಹೇಳಿದ. ಚಪ್ಪರಕ್ಕೆ ಬಾಳೆ ಕಡಿಯಲು ಕತ್ತಿ ಹಿಡಿದು ನಿಂತಿದ್ದ ಉದಯ ಹಾಗೇ ವೇದಿಕೆ ಹತ್ತಿದ. ತಡೆಯಲು ಹೋಗಿ ಸಂಪ್ರೀತನ ಅಂಗೈ ಸೀಳಿತು. “ಇನ್ನೊಮ್ಮೆ ಹೇಳಿದ್ರೆ ಕಡಿದು ಹೊಳೆಗೆ ಹಾಕ್ತೇನೆ” ಎಂದು ಉದಯ ಅಂದಾಗ ಮೈಕು ಆನ್ ಇತ್ತು.

ಮರುದಿನ ನೆರೆ ಬಂತು. ಸಂಪ್ರೀತನ ಸ್ಕೂಟರು ಹೊಳೆ ಬದಿಯಲ್ಲಿ ಸಿಕ್ಕಿತು, ಸಂಪ್ರೀತ ಸಿಗಲಿಲ್ಲ. ಉಪ್ಪಿನಂಗಡಿಯ ಸಂಗಮದವರೆಗೂ ಹುಡುಕಿದರು. ಕತ್ತಿಯಲ್ಲಿ ಅವನ ರಕ್ತ ಇತ್ತು. ಠಾಣೆಗೆ ಮೊದಲು ಹೋಗಿ ಹೇಳಿಕೆ ಕೊಟ್ಟವನು ಬೆಳ್ಯಪ್ಪ.

“ಅಜ್ಜ ವಾಪಸು ಬಂದದ್ದು ಉದಯನಿಗೆ ಗೊತ್ತಿತ್ತಾ?”

“ಗೊತ್ತಿದ್ದದ್ದಕ್ಕೇ ಸಿಟ್ಟು ಬಂದದ್ದು. ಗೊತ್ತಿಲ್ಲದವನಿಗೆ ಸಿಟ್ಟು ಯಾಕೆ ಬರ್ತದೆ?” ಸೇವಂತಿ ಸೆರಗಿನಿಂದ ಮೂಗು ಒರಸಿಕೊಂಡಳು. “ಮನೆಯ ಅಜ್ಜನನ್ನು ಮನೆಯವರೇ ಹೊರಗೆ ಕೂರಿಸಿದ್ದನ್ನು ಮೈಕಿನಲ್ಲಿ ಹೇಳ್ತಾರಾ ಯಾರಾದ್ರೂ?”

ಭವಿತಾ ಅಂಗಳದಲ್ಲಿ ಎಲೆ ಹಾಸಿದಳು. ಕುಚ್ಚಲಕ್ಕಿ ಅನ್ನ, ಕೋಳಿ ಸಾರು, ಮೀನು, ಒಂದು ಗ್ಲಾಸು ಶೇಂದಿ. ಡಾಕ್ಟರು ಬೇಡವೆಂದದ್ದನ್ನೆಲ್ಲ ಸತ್ತ ಮೇಲೆ ಬಡಿಸುವುದು ಕ್ರಮ. ಬಡಿಸಿ ಆದ ಮೇಲೆ ಸೇವಂತಿ ಚಾವಡಿಯ ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ಹಿರಿಯರು ಉಣ್ಣುವಾಗ ಯಾರೂ ನೋಡಬಾರದು. ಸ್ವಲ್ಪ ಹೊತ್ತು ಕಾದು, ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗಬೇಕು.

“ಇಷ್ಟು ಮರ್ಯಾದೆ ನಮಗೆ ಹೋಟ್ಲಿನಲ್ಲಿ ದುಡ್ಡು ಕೊಟ್ರೂ ಇಲ್ಲ” ಎಂದ ಮಿದ್ಲಾಜ್. ಉಪ್ಪಿನಂಗಡಿಯ ಅವನು ಡ್ರೈವರು, ತನ್ನ ಹಳೆಯ ಓಮ್ನಿ ವ್ಯಾನಿನ ಜೊತೆಗೆ ಪರಮೇಶ್ವರಿಯ ಸವಾರಿಗೆ ಗಟ್ಟಿಯಾಗಿ ಅಂಟಿಕೊಂಡವನು.

ಪರಮೇಶ್ವರಿ ನಗಲಿಲ್ಲ. ಅವಳು ಕಡಬದಲ್ಲಿ ನೆರೆ ಇಳಿದ ಮೇಲೆ ನಡೆದ ಸಂಪ್ರೀತನ ಬೊಜ್ಜವನ್ನು ನೆನೆಯುತ್ತಿದ್ದಳು. ಅಲ್ಲೂ ಹೆಣವಿರಲಿಲ್ಲ. ಅಲ್ಲೂ ಹುಲ್ಲಿನ ಮನುಷ್ಯನನ್ನೇ ಸುಟ್ಟದ್ದು.

“ಸೇವಂತಿಯಕ್ಕ, ಈ ಕ್ರಮ ನಿಮ್ಮ ಮನೆಯದ್ದು ಮಾತ್ರವಾ?”

“ನಮ್ಮ ಬಳಿಯ, ಅಂದ್ರೆ ನಮ್ಮ ಕುಲದ, ಎಲ್ಲ ಮನೆಯದ್ದೂ. ಕಡಬದ ಶೀಲಾವತಿಯದ್ದೂ ನಮ್ಮದೇ ಬಳಿ ಅಲ್ವಾ, ಸಂಪ್ರೀತನ ಅಮ್ಮನದ್ದು. ಅವರದ್ದು ಇವತ್ತು ಸಂಜೆಗೆ ಬಡಿಸುದು.”

ಪರಮೇಶ್ವರಿ ಎದ್ದಳು. ಭವಿತಾ ಓಮ್ನಿಯವರೆಗೂ ಬಂದಳು. ಮಳೆಗಾಲದಿಂದ ಪ್ರತಿ ಸಲ ಕೇಳುವುದನ್ನೇ ಕೇಳಿದಳು.

“ಎಂತಾದ್ರೂ ಆಯ್ತಾ ಅಕ್ಕ?”

“ಸಂಜೆ ಫೋನು ಮಾಡು” ಎಂದಳು ಪರಮೇಶ್ವರಿ. ಅದು ಅವಳು ಇಷ್ಟು ದಿನದಲ್ಲಿ ಕೊಟ್ಟ ಅತ್ಯಂತ ಆಶಾದಾಯಕ ಉತ್ತರವಾಗಿತ್ತು. ಕೊಡಬಾರದಿತ್ತು.

*

ಸುಬ್ರಹ್ಮಣ್ಯದ ಹತ್ತಿರ ಯಾತ್ರಿಕರ ಬಸ್ಸುಗಳು ರಸ್ತೆ ಕಟ್ಟಿದ್ದವು. ಪರಮೇಶ್ವರಿ ಫೋನು ತೆಗೆದು ಸಂಪ್ರೀತನ ದನಿ ಹಾಕಿದಳು. ಸಮಿತಿಯ ವಾಟ್ಸಾಪ್ ಗುಂಪಿಗೆ ಅವನು ಕಳಿಸುತ್ತಿದ್ದ ಆಡಿಯೋಗಳು. ಹಡಗಿನ ಕತೆ. ಆಗ ಯಾರೂ ಪೂರ್ತಿ ಕೇಳಿರಲಿಲ್ಲ. ಅವನು ಹೋದ ಮೇಲೆ ಎಲ್ಲರೂ ಕೇಳಿದರು.

“ಎಲಿನಾರ್ ಗ್ರೇ. ಹೆಸರು ಕೇಳಿದ್ರೆ ಕಾನ್ವೆಂಟಿನ ಟೀಚರಿನ ಹಾಗೆ ಉಂಟಲ್ಲ? ಮೂರು ಕಂಬದ ವ್ಯಾಪಾರದ ಹಡಗು. ಮೊದಲು ಕಲ್ಲಿದ್ದಲು ಹೊತ್ತಿತು, ಆಮೇಲೆ ಉಪ್ಪು, ಚಹಾ. ಒಂದು ವರ್ಷ ಸರಕು ಸಿಗ್ಲಿಲ್ಲ, ಐರ್ಲೆಂಡಿನ ಕೈದಿಗಳನ್ನು ತುಂಬಿಸಿಕೊಂಡು ಆಸ್ಟ್ರೇಲಿಯಕ್ಕೆ ಹೋಯ್ತು. ಆಗ ಮಾಲೀಕನಿಗೆ ಗೊತ್ತಾಯ್ತು, ಮನುಷ್ಯರಷ್ಟು ಒಳ್ಳೆ ಸರಕು ಬೇರೆ ಇಲ್ಲ. ಒದ್ದೆ ಆದ್ರೆ ಹಾಳಾಗುದಿಲ್ಲ. ಹತ್ತಿಸ್ಲಿಕ್ಕೆ ಕೂಲಿಯವರು ಬೇಡ, ತಾವೇ ಹತ್ತುತ್ತಾರೆ.”

“ನಾಲಗೆ ಇತ್ತು ಜನಕ್ಕೆ” ಎಂದ ಮಿದ್ಲಾಜ್.

“ಅದೇ ಹಡಗು ಬೊಂಬಾಯಿಗೆ ಬಂತು, ಬಾಡಿಗೆಗೆ ನಿಂತಿತು. ನಮ್ಮವರನ್ನು ಹಿಡಿದು ಮಂಗಳೂರಿಗೆ ತಂದಾಗ ಹೊಳೆ ಕಡಲಿಗೆ ಸೇರುವ ಅಳಿವೆಯ ಹೊರಗೆ ಇದೇ ಎಲಿನಾರ್ ಗ್ರೇ ನಿಂತಿತ್ತು. ದೋಣಿಯಲ್ಲಿ ಕೊಂಡುಹೋಗಿ ಹತ್ತಿಸಿದ್ರು. ಕೈದಿಗಳಿರುವಾಗ ಕೆಳಗಿನ ಅಟ್ಟಕ್ಕೆ ಹಲಗೆಯ ಗೋಡೆ ಹೊಡೆಯುದು, ಇಳಿಸಿದ ಮೇಲೆ ಅದೇ ಹಲಗೆ ಕಿತ್ತು ಅಕ್ಕಿ ತುಂಬಿಸುದು. ಅಕ್ಕಿ ತಿಂದವರಿಗೆ ಯಾವ ವಾಸನೆ ಬಂತೋ ಗೊತ್ತಿಲ್ಲ.”

ಬಸ್ಸೊಂದು ಸರಿಯಿತು. ಓಮ್ನಿ ನುಸುಳಿತು.

“ದಾರಿಯಲ್ಲಿ ಒಬ್ಬ ನೀರಿಗೆ ಹಾರಿದ ಅಂತ ಇಟ್ಟುಕೊಳ್ಳಿ. ಕಪ್ತಾನ ಎಂತ ಮಾಡ್ತಾನೆ? ಮುಂದಿನ ಬಂದರಿನಲ್ಲಿ ಕುಡಿದು ಬಿದ್ದ ಒಬ್ಬನನ್ನು ಎತ್ತಿ ಹಾಕ್ತಾನೆ. ಇಳಿಸುವಾಗ ತಲೆಯ ಲೆಕ್ಕ ಸರಿ ಇದ್ರೆ ಆಯ್ತು. ಯಾರ ತಲೆ ಅಂತ ಕೇಳುವವರು ಯಾರು?”

ಪರಮೇಶ್ವರಿ ಆ ಮಾತನ್ನು ಮತ್ತೊಮ್ಮೆ ಹಾಕಿ ಕೇಳಿದಳು.

“ಆಮೇಲೆ ಅದು ಮಾರಿಷಸ್ಸಿಗೆ ಕೂಲಿಗಳನ್ನು ಕೊಂಡುಹೋಯ್ತು, ಕುದುರೆ ಕೊಂಡುಹೋಯ್ತು. ಮುದಿಯಾದ ಮೇಲೆ ಕಾಫಿ ತುಂಬಿಸ್ಲಿಕ್ಕೆ ಮತ್ತೆ ಮಂಗಳೂರಿಗೆ ಬಂತು. ಆ ಸಲ ಹಗ್ಗ ಎಳೆಯುವ ಖಲಾಸಿಗಳಲ್ಲಿ ನಮ್ಮವ ಒಬ್ಬ ಇದ್ದ. ಕೊಂಡುಹೋದ ಹಡಗೇ ತಂದು ಬಿಟ್ಟಿತು. ಕೊನೆಗೆ ಅದರ ಕಂಬ ಕಡಿದು ಯಾವುದೋ ಬಂದರಿನಲ್ಲಿ ಕಲ್ಲಿದ್ದಲು ತುಂಬುವ ಡಬ್ಬಿ ಮಾಡಿ ಇಟ್ರು. ಶುರು ಮಾಡಿದ ಕೆಲಸಕ್ಕೇ ವಾಪಸು.”

“ಅಕ್ಕ, ಇಂಥ ಹಡಗಿಗೆ ಎಫ್.ಸಿ. ಯಾರು ಕೊಟ್ಟದ್ದು? ನನ್ನ ಗಾಡಿಯನ್ನು ಒಂದು ಲೈಟು ಉರಿಯುದಿಲ್ಲ ಅಂತ ವಾಪಸು ಕಳಿಸಿದ್ರು.”

“ಮಿದ್ಲಾಜ್, ನಿನಗೆ ಒಂದು ಪ್ರಶ್ನೆ. ನಿನ್ನ ಅಮ್ಮ ನಿನ್ನನ್ನು ಕಾಪಾಡ್ಲಿಕ್ಕೆ ಎಷ್ಟು ಸುಳ್ಳು ಹೇಳಿಯಾರು?”

“ಇಷ್ಟರವರೆಗೆ ಹೇಳಿದ್ದಾ, ಇನ್ನು ಹೇಳುದಾ?”

“ಎಲೆ ಹಾಕ್ಯಾರಾ?”

ಮಿದ್ಲಾಜನಿಗೆ ಅರ್ಥವಾಗಲಿಲ್ಲ. ಪರಮೇಶ್ವರಿ ಹೇಳಿದಳು: “ಸಂಪ್ರೀತ ಸತ್ತಿದ್ರೆ ಇವತ್ತು ಅವನ ಎಲೆ ಒಳಗೆ ಇರ್ತದೆ. ಇಲ್ಲದಿದ್ರೆ ಅವನ ಅಮ್ಮನಿಗೆ ನಮಗೆ ಗೊತ್ತಿಲ್ಲದ್ದು ಎಂತದ್ದೋ ಗೊತ್ತುಂಟು.”

“ಅದನ್ನು ಜಡ್ಜಿಗೆ ಹೇಳಿದ್ರೆ ನಗ್ತಾರೆ ಅಕ್ಕ.”

“ನಗ್ಲಿ. ಜಡ್ಜು ನಕ್ಕದ್ದನ್ನು ಈ ಕೇಸಿನಲ್ಲಿ ನಾನು ಒಮ್ಮೆಯೂ ನೋಡ್ಲಿಲ್ಲ.”

*

ಶೀಲಾವತಿಯದ್ದು ರಸ್ತೆ ಬದಿಯ ತಾರಸಿ ಮನೆ. ಮುಂದೆ ಬೆಳ್ಯಪ್ಪನ ಬಿಳಿ ಬೊಲೆರೋ ನಿಂತಿತ್ತು. ಬೆಳ್ಯಪ್ಪ ಅವಳ ಗಂಡನ ಅಣ್ಣ. ಗಂಡ ತೀರಿಹೋದ ಮೇಲೆ ಆ ಮನೆಯ ಒಳ್ಳೆಯದು ಕೆಟ್ಟದ್ದಕ್ಕೆಲ್ಲ ಅವನೇ ಯಜಮಾನ. ಸಂಪ್ರೀತನ ಬೊಜ್ಜವನ್ನು ಅವಸರಪಡಿಸಿ ಮುಗಿಸಿದವನೂ ಅವನೇ.

“ಓಹೋ, ಪರಮೇಶ್ವರಿಯಕ್ಕ! ಯಾರ ಮನೆಗೆ ಹೆಣ್ಣು?” ಎಂದು ಬೆಳ್ಯಪ್ಪ ನಕ್ಕ. ಪ್ರತಿಮೆಗೂ ಅವನು ಅದೇ ನಗುವಿನ ಫೋಟೋ ಕೊಟ್ಟಿದ್ದ. “ಮುಂದಿನ ತಿಂಗಳು ಅನಾವರಣ. ಮಂತ್ರಿ ಬರ್ತಾರೆ. ನೀವು ಮುಂದಿನ ಸಾಲಿನಲ್ಲಿ ಇರ್ಬೇಕು.”

“ಅಜ್ಜನೂ ಬರ್ತಾನಾ?”

ನಗು ಅಲ್ಲೇ ಉಳಿಯಿತು. ಕಣ್ಣು ಮಾತ್ರ ಅದರಿಂದ ಹೊರಗೆ ಬಂತು.

ಚಾವಡಿಯಲ್ಲಿ ನೆಂಟರು ಓಡಾಡುತ್ತಿದ್ದರು. ಎಲೆಗಳು ಹಾಸಿ ಆಗಿದ್ದವು. ಬೆಳ್ಯಪ್ಪ ಒಂದೊಂದನ್ನೂ ತೋರಿಸಿ ಹೇಳುತ್ತಾ ಬಡಿಸುವವರಿಗೆ ದಾರಿ ಮಾಡಿದ. ಇದು ಅಪ್ಪನಿಗೆ, ಇದು ಅಮ್ಮನಿಗೆ, ಇದು ತಮ್ಮನಿಗೆ. ತಮ್ಮನ ಎಲೆಯ ಪಕ್ಕದಲ್ಲಿ ಬರೀ ನೆಲ.

ಪರಮೇಶ್ವರಿ ಹಿತ್ತಿಲಿಗೆ ನಡೆದಳು.

ಬಟ್ಟೆಯ ಹಗ್ಗ ಖಾಲಿ ಇತ್ತು. ಆದರೆ ಹಗ್ಗದ ಕೆಳಗೆ ಸಿಮೆಂಟಿನ ಮೇಲೆ ನೀರು ಸಾಲಾಗಿ ತೊಟ್ಟಿಕ್ಕಿದ ಗುರುತು ಇನ್ನೂ ಆರಿರಲಿಲ್ಲ. ಒದ್ದೆ ಬಟ್ಟೆಯನ್ನು ಯಾರೋ ಅವಸರದಲ್ಲಿ ಎಳೆದುಕೊಂಡು ಹೋಗಿದ್ದರು. ನೆಂಟರು ಬರುವ ಮನೆಯಲ್ಲಿ ವಿಧವೆಯೊಬ್ಬಳು ತನ್ನ ಸೀರೆಯನ್ನು ಹಾಗೆ ಅಡಗಿಸುವುದಿಲ್ಲ.

“ಅಕ್ಕ, ಇಲ್ಲಿ ಎಂತ ಮಾಡ್ತೀರಿ?”

ಶೀಲಾವತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮಳೆಗಾಲದಲ್ಲಿ ನೋಡಿದ್ದಕ್ಕಿಂತ ಸೊರಗಿದ್ದಳು. ಕೈ ಮಾತ್ರ ಅಡುಗೆಯ ಕೈ, ಬೆರಳ ತುದಿಯಲ್ಲಿ ಅರಶಿನ.

“ಹಗ್ಗ ನೋಡ್ತಿದ್ದೆ. ನನ್ನ ಅಭ್ಯಾಸ. ಶೀಲಾವತಿ, ನಿಮ್ಮ ಮಗನ ಎಲೆ ಎಲ್ಲಿ?”

“ಹಾಕ್ಬೇಕಷ್ಟೆ.”

“ಎಲ್ಲರದ್ದೂ ಹಾಕಿ ಆಗಿದೆ.”

“ಮೊದಲ ವರ್ಷ ಅಕ್ಕ. ಕೈ ಬರುದಿಲ್ಲ.”

“ನಾನು ಗುತ್ತಿಗಾರಿನಿಂದ ಬಂದೆ. ಹಡಗಿನಜ್ಜನ ಎಲೆ ಹೊರಗೆ ಯಾಕೆ ಅಂತ ಸೇವಂತಿ ಹೇಳಿದಳು.”

ಶೀಲಾವತಿ ಒಮ್ಮೆ ಹಿಂದಕ್ಕೆ, ಅಡುಗೆಮನೆಯ ಕತ್ತಲಿನ ಕಡೆ ನೋಡಿದಳು. ಆಮೇಲೆ ಬಾಗಿಲು ಎಳೆದುಕೊಂಡು ಹಿತ್ತಿಲಿಗಿಳಿದಳು.

“ಸೇವಂತಿಗೆ ಎಂತ ಗೊತ್ತು?”

“ಅವಳಿಗೆ ಏನೂ ಗೊತ್ತಿಲ್ಲ. ಮಗ ಜೈಲಿನಲ್ಲಿದ್ದಾನೆ, ಅಷ್ಟೇ ಗೊತ್ತು. ಅವ ಊಟ ಬಿಟ್ಟಿದ್ದಾನಂತೆ. ಮಾತೂ ಬಿಟ್ಟಿದ್ದಾನಂತೆ. ಭವಿತಾ ನೋಡ್ಲಿಕ್ಕೆ ಹೋದ್ರೆ ಗೋಡೆಯ ಕಡೆ ತಿರುಗಿ ಕೂರ್ತಾನಂತೆ. ಅವ ಯಾರನ್ನೂ ಕೊಲ್ಲಲಿಲ್ಲ ಅಂತ ನಿಮಗೆ ಗೊತ್ತುಂಟು.”

“ನನಗೆ ಎಂತ ಗೊತ್ತು? ನಾನು ನನ್ನ ಮಗನ ಬೊಜ್ಜ ಮಾಡಿದವಳು.”

“ಬೊಜ್ಜ ಮಾಡುವ ದಿನ ನಿಮಗೂ ಗೊತ್ತಿರ್ಲಿಲ್ಲ. ಆಮೇಲೆ ಅವ ಬಂದ. ಅಲ್ವಾ?”

ಚಾವಡಿಯಿಂದ ಬೆಳ್ಯಪ್ಪನ ದನಿ ಕೇಳಿತು: “ಶೀಲಾ! ಹೊತ್ತಾಯ್ತು!”

ಆ ದನಿಗೆ ಶೀಲಾವತಿಯ ಭುಜ ಕುಗ್ಗಿದ್ದನ್ನು ಪರಮೇಶ್ವರಿ ನೋಡಿದಳು. ಬಟ್ಟೆಯ ಹಗ್ಗದಷ್ಟೇ ಸ್ಪಷ್ಟವಾಗಿ ಓದಿದಳು.

“ಉದಯನಿಗಲ್ಲ ನೀವು ಹೆದರಿದ್ದು. ಹೊಳೆ ಬದಿಗೆ ಸಂಪ್ರೀತನನ್ನು ಕರೆದದ್ದು ಬೇರೆಯವರು.”

“ಅವ ಸತ್ತೇ ಇರ್ಲಿ ಅಕ್ಕ.” ಶೀಲಾವತಿಯ ದನಿ ಪಿಸುಮಾತಾಯಿತು. “ಬದುಕಿದ್ದಾನೆ ಅಂತ ಗೊತ್ತಾದ್ರೆ ಬಿಡುದಿಲ್ಲ. ಒಂದು ಸಲ ಹೊಳೆ ಬಿಟ್ಟುಕೊಟ್ಟಿತು. ಎರಡನೇ ಸಲ ಬಿಡ್ತದಾ?”

“ಠಾಣೆಗೆ ಹೋಗುವ. ಈಗಲೇ. ನನ್ನ ಗಾಡಿ ಉಂಟು.”

“ಅಲ್ಲಿ ಯಾರ ಫೋನು ಮೊದಲು ಹೋಗ್ತದೆ ಅಂತ ನಿಮಗೂ ಗೊತ್ತುಂಟು.”

“ಉದಯ ಸಾಯ್ತಾನೆ ಶೀಲಾವತಿ. ನೇಣೇ ಬೇಕೂಂತ ಇಲ್ಲ, ಹೀಗೇ ಸಾಯ್ತಾನೆ.”

“ನನಗೆ ಒಬ್ಬನೇ ಮಗ.”

“ಸೇವಂತಿಗೂ ಒಬ್ಬನೇ.”

ಇದರಲ್ಲಿ ತಪ್ಪು ಯಾರದ್ದೆಂದು ತೀರ್ಮಾನಿಸಲು ಒಬ್ಬ ಬುದ್ಧಿವಂತ ಬೇಕಿತ್ತು. ಬುದ್ಧಿವಂತರೆಲ್ಲ ಪ್ರತಿಮೆ ಸಮಿತಿಯಲ್ಲಿದ್ದರು.

ಶೀಲಾವತಿ ಹಿತ್ತಿಲ ಬಾಳೆಯ ಹತ್ತಿರ ಹೋದಳು. ಒಂದು ಎಲೆ ಕೊಯ್ದಳು, ನೀರು ಚಿಮುಕಿಸಿ ಒರಸಿದಳು.

“ಒಂದು ಎಲೆ ಹಾಕಿದ್ರೆ ನಿಮ್ಮ ಸಂಶಯ ಹೋಗ್ತದಲ್ಲ? ಅವರ ಸಂಶಯವೂ ಹೋಗ್ತದೆ.”

“ಹಾಕ್ಬೇಡಿ” ಎಂದಳು ಪರಮೇಶ್ವರಿ. ಜಾತಕ ನೋಡದೆ ಮಗಳ ಮದುವೆ ಮಾಡಿದವಳು ಅವಳು. ಸತ್ತವರು ಉಣ್ಣುತ್ತಾರೆಂದು ಯಾವತ್ತೂ ನಂಬಿದವಳಲ್ಲ. ಈಗ ತನ್ನ ದನಿಯೇ ಅವಳಿಗೆ ವಿಚಿತ್ರವಾಗಿ ಕೇಳಿತು. “ಶೀಲಾವತಿ, ಬೇಡ. ಒಳಗೆ ಹಾಕ್ಬೇಡಿ.”

ಶೀಲಾವತಿ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಹೋದಳು.

*

ಗಂಡನ ಎಲೆಯ ಪಕ್ಕದಲ್ಲಿ ಜಾಗವಿತ್ತು. ಶೀಲಾವತಿ ಅಲ್ಲಿ ಹಾಸಲಿಲ್ಲ. ಸಾಲನ್ನು ದಾಟಿ, ಚಾವಡಿಯ ಆಚೆ ಮೂಲೆಯಲ್ಲಿ, ರಬ್ಬರ್ ಶೀಟು ಪೇರಿಸಿಡುವ ಕೋಣೆಯ ಬಾಗಿಲಿಗೆ ತಾಗಿ ಹಾಸಿದಳು.

“ಅಲ್ಲಿ ಯಾಕೆ?” ಎಂದ ಬೆಳ್ಯಪ್ಪ.

“ಎಳೆಯ ಜೀವ ಭಾವ. ಹಿರಿಯರ ಸಾಲಿನಲ್ಲಿ ಕೂರ್ಲಿಕ್ಕೆ ಸಂಕೋಚಪಟ್ಟಾನು.”

ನೆಂಟರ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ಶೀಲಾವತಿ ಬಡಿಸಿದಳು. ಅನ್ನ, ಸಾರು, ಎರಡು ಬಂಗುಡೆ. ಮುಗಿದ ಮೇಲೆ ಬೆಳ್ಯಪ್ಪ ಎಲ್ಲರನ್ನೂ ಹೊರಗೆ ಕಳಿಸಿ, ಕೊನೆಗೆ ತಾನೂ ಬಂದು, ಬಾಗಿಲು ಮೆಲ್ಲ ಎಳೆದ.

ಎಲ್ಲರೂ ಜಗಲಿಯಲ್ಲಿ ನಿಂತರು. ರಸ್ತೆಯಲ್ಲಿ ಹಾರನ್ ಹೊಡೆಯುತ್ತಾ ಒಂದು ಬಸ್ಸು ಹೋಯಿತು. ಮಿದ್ಲಾಜ್ ಓಮ್ನಿಗೆ ಒರಗಿ ಬಾಯಿ ಮುಚ್ಚಿಕೊಂಡಿದ್ದ. ಅದು ಅವನಿಗೆ ಸುಲಭದ ಕೆಲಸವಲ್ಲ. ಶೀಲಾವತಿ ಕಂಬ ಹಿಡಿದು ನೆಲ ನೋಡುತ್ತಿದ್ದಳು.

ಸಾಕಷ್ಟು ಹೊತ್ತಾದ ಮೇಲೆ ಬೆಳ್ಯಪ್ಪ ಕೆಮ್ಮಿದ, ಬಾಗಿಲು ತಟ್ಟಿದ, ತೆರೆದ.

ಮೊದಲು ಒಳಗೆ ಹೋದ ನೆಂಟರಾಕೆ ಕಿರುಚಿದಳು.

ಸಾಲಿನ ಎಲೆಗಳು ಬಡಿಸಿದ ಹಾಗೆಯೇ ಇದ್ದವು. ಮೂಲೆಯ ಎಲೆ ಖಾಲಿ. ಅನ್ನವನ್ನು ಸಾರಿನ ಗುರುತು ಮಾತ್ರ ಉಳಿಯುವಂತೆ ಬಳಿದು ಉಂಡಾಗಿತ್ತು. ಬಂಗುಡೆಯ ಮುಳ್ಳು ಎಲೆಯ ಅಂಚಿನಲ್ಲಿ, ಒಂದರ ಪಕ್ಕ ಒಂದು, ನೀಟಾಗಿ.

“ಉಂಡ!” ಎಂದು ಶೀಲಾವತಿ ನೆಲಕ್ಕೆ ಕುಸಿದಳು. “ನನ್ನ ಮಗ ಬಂದು ಉಂಡ!”

ನೆಂಟರೆಲ್ಲ ಕೈ ಮುಗಿದರು. ಹಿರಿಯನೊಬ್ಬ ಕಣ್ಣು ತುಂಬಿ ಹೇಳಿದ: “ಇನ್ನು ಯಾರಿಗೂ ಸಂಶಯ ಬೇಡ. ಸಂಪ್ರೀತ ಸತ್ತದ್ದು ಖಂಡಿತ. ಕೋರ್ಟಿಗೆ ಕರೆದ್ರೆ ನಾನೇ ಬಂದು ಹೇಳ್ತೇನೆ.”

ಸಂಪ್ರೀತ ಬದುಕಿದ್ದಾನೆ ಎಂಬುದಕ್ಕೆ ಇಷ್ಟು ದಿನದಲ್ಲಿ ಸಿಕ್ಕಿದ ಒಂದೇ ಸಾಕ್ಷಿ ಪರಮೇಶ್ವರಿಯ ಎದುರು ಮುಳ್ಳು ಬೇರ್ಪಡಿಸಿ ಇಟ್ಟುಕೊಂಡು ಬಿದ್ದಿತ್ತು. ಅದನ್ನು ನೋಡಿದ ಅಷ್ಟೂ ಜನ ಈಗ ಅವನು ಸತ್ತದ್ದಕ್ಕೆ ಸಾಕ್ಷಿಗಳಾಗಿದ್ದರು. ಬೊಜ್ಜ ಆದವನು ಹೊಸ್ತಿಲು ದಾಟಿದ್ದ. ಬದಲಿಗೆ ಹೋಗಬೇಕಾದವನು ಮಂಗಳೂರಿನಲ್ಲಿ ಗೋಡೆಯ ಕಡೆ ತಿರುಗಿ ಕೂತಿದ್ದ. ತಲೆಯ ಲೆಕ್ಕ ಸರಿ ಇತ್ತು.

ಆಗ ಅವಳು ಬೆಳ್ಯಪ್ಪನನ್ನು ನೋಡಿದಳು.

ಅವನು ಕೈ ಮುಗಿದಿರಲಿಲ್ಲ. ಬಗ್ಗಿ ಮುಳ್ಳನ್ನು ನೋಡುತ್ತಿದ್ದ. ಅಣ್ಣತಮ್ಮಂದಿರ ಮಕ್ಕಳೆಲ್ಲ ಒಟ್ಟಿಗೆ ಕೂತು ಉಂಡು ಬೆಳೆದ ಮನೆ ಅದು. ಯಾರು ಮುಳ್ಳನ್ನು ಹೇಗೆ ಇಡುತ್ತಾರೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ತಲೆ ಎತ್ತಿ ಶೀಟಿನ ಕೋಣೆಯ ಬಾಗಿಲನ್ನು ನೋಡಿದ. ಯಾರಿಗೂ ಕಾಣದ ಹಾಗೆ ಎರಡು ಬೆರಳಿನಿಂದ ಮೆತ್ತಗೆ ತಳ್ಳಿದ.

ಬಾಗಿಲು ಅಲುಗಲಿಲ್ಲ. ಹೊರಗಿನ ಚಿಲಕ ತೆರೆದೇ ಇತ್ತು.

ಬೆಳ್ಯಪ್ಪ ಎರಡನೇ ಸಲ ತಳ್ಳಲಿಲ್ಲ. ಎದ್ದು ಲುಂಗಿ ಸರಿ ಮಾಡಿಕೊಂಡು ನೆಂಟರ ಕಡೆ ತಿರುಗಿದ.

“ಎಲ್ಲರೂ ಕೈ ತೊಳೆದು ಹೊರಡಿ, ಕತ್ತಲಾಗ್ತದೆ. ಶೀಲಾ, ಇವತ್ತು ನಾನು ಇಲ್ಲೇ ಉಳೀತೇನೆ. ಇಂಥ ದಿನ ನೀನೊಬ್ಬಳೇ ಯಾಕೆ?”

“ಬೇಡ ಭಾವ. ನನಗೆ ಹೆದರಿಕೆ ಇಲ್ಲ.”

“ನನಗೆ ಉಂಟಲ್ಲ” ಎಂದು ಅವನು ನಕ್ಕ. “ಮಡಚುವ ಮಂಚ ಆ ಶೀಟಿನ ಕೋಣೆಯಲ್ಲೇ ಅಲ್ವಾ ಇರುದು?”

ನೆಂಟರು ಜಗಲಿ ಇಳಿಯುವ ಗಡಿಬಿಡಿ ಶುರುವಾಯಿತು. ಯಾರದೋ ಮೊಣಕೈ ಪರಮೇಶ್ವರಿಯನ್ನೂ ಹೊಸ್ತಿಲಿನ ಹೊರಗೆ ತಂದಿತು. ಹಿಂದಕ್ಕೆ ತಿರುಗುವಷ್ಟರಲ್ಲಿ ಅವಳ ಕೈಯಲ್ಲಿ ಫೋನು ಹೊಡೆದುಕೊಂಡಿತು. ಭವಿತಾ. ಸಂಜೆ ಮಾಡು ಎಂದಿದ್ದಳಲ್ಲ.

“ಎಂತಾದ್ರೂ ಆಯ್ತಾ ಅಕ್ಕ?”

ಎದುರಿಗೆ ಬೆಳ್ಯಪ್ಪ ಮುಂಬಾಗಿಲನ್ನು, ಸತ್ತವರಿಗೆ ಎಳೆದ ಹಾಗೆಯೇ, ಮೆಲ್ಲ ಎಳೆದುಕೊಂಡ. ಈ ಸಲ ಅವನು ಒಳಗಿದ್ದ.